ಮಡಗಾಂವ್ ಅಡುಗೆಮನೆಯ ನೆಗ್ರೋನಿ

ನೆಗ್ರೋನಿ ಕಾಕ್‌ಟೇಲ್ ಮಾಡೋಕೆ ದೊಡ್ಡ ವಿದ್ಯೆಯೇನೂ ಬೇಕಿಲ್ಲ. ಜಿನ್, ಕಂಪಾರಿ (ಇಟಲಿಯ ಕೆಂಪು ಕಹಿ ಮದ್ಯ), ಸಿಹಿ ವರ್ಮುತ್ (ಗಿಡಮೂಲಿಕೆ ಸೇರಿಸಿದ ವೈನ್), ಮೂರೂ ತಲಾ 30 ಎಂ.ಎಲ್. ಆದರೆ ಗೋವಾದ ಸೆಕೆಯಲ್ಲಿ ಅದು ಹದಕ್ಕೆ ಬರಬೇಕಾದರೆ ಬಾಟಲಿಗಿಂತ ಐಸ್ ಕಡೆ ಜಾಸ್ತಿ ಗಮನ ಕೊಡಬೇಕು.

ಟ್ರೇಯ ಚಿಕ್ಕ ಐಸ್ ಇಲ್ಲಿ ನೋಡನೋಡುತ್ತಲೇ ಕರಗುತ್ತದೆ. ಎರಡು ಗುಟುಕಿನ ನಂತರ ಕುಡಿಯೋದು ಕೆಂಪು ನೀರು. ನಾನು ಚಿಕ್ಕ ಸ್ಟೀಲ್ ಬಟ್ಟಲುಗಳಲ್ಲಿ ನೀರಿಟ್ಟು ದಪ್ಪ ಗಡ್ಡೆ ಮಾಡಿಕೊಳ್ಳುತ್ತೇನೆ. ಮೂರನ್ನೂ ಬೇರೆ ಐಸಿನ ಜೊತೆ ಅರ್ಧ ನಿಮಿಷ ಚಮಚದಿಂದ ತಿರುಗಿಸಿ, ಸೋಸಿ, ಈ ಗಡ್ಡೆಯ ಮೇಲೆ ಸುರಿಯುತ್ತೇನೆ. ತಿರುಗಿಸುವಾಗ ಸ್ವಲ್ಪ ನೀರು ಸೇರಲೇಬೇಕು, ಇಲ್ಲದಿದ್ದರೆ ಕಹಿ ಗಂಟಲಿಗೆ ಹಿಡಿಯುತ್ತದೆ. ಹಣ್ಣಿನ ರಸ ಇಲ್ಲದ್ದರಿಂದ ಶೇಕರ್ ಬೇಡ.

ಬೇವಿಗೆ ಬೆಲ್ಲ ಹೇಗೋ ಕಂಪಾರಿಗೆ ವರ್ಮುತ್ ಹಾಗೆ. ಆದರೆ ವರ್ಮುತ್ ಮೂಲತಃ ವೈನ್. ಕಂಪಾರಿ ಕಪಾಟಿನಲ್ಲಿ ಆರಾಮಾಗಿ ಇರುತ್ತದೆ. ವರ್ಮುತ್ ಬಾಟಲ್ ತೆರೆದ ಮೇಲೆ ಫ್ರಿಜ್ ಸೇರಬೇಕು, ಒಂದೆರಡು ತಿಂಗಳಲ್ಲಿ ಮುಗಿಯಬೇಕು. ಎಷ್ಟೋ ಮನೆಗಳಲ್ಲಿ ಅದು ಟಿವಿ ಪಕ್ಕದ ಶೋಕೇಸಿನಲ್ಲಿ ನಿಂತಿರುತ್ತದೆ. ಆಮೇಲೆ ಕಂಪಾರಿನೇ ಸರಿಯಿಲ್ಲ ಅಂತಾರೆ!

ಕಹಿ ಇನ್ನೂ ಜಾಸ್ತಿ ಅನಿಸಿದರೆ ಸಕ್ಕರೆ ಹಾಕಬೇಡಿ. ಉಪ್ಪುನೀರು ಎರಡು ಹನಿ ಸಾಕು. ಉಪ್ಪು ಕಹಿಯನ್ನು ತಗ್ಗಿಸುತ್ತದೆ, ಕಿತ್ತಳೆ ವಾಸನೆ ಮುಂದೆ ಬರುತ್ತದೆ. ಆ ವಾಸನೆಗೆ ಕೊನೆಯಲ್ಲಿ ಕಿತ್ತಳೆ ಸಿಪ್ಪೆ ಬೇಕು. ನಾಗ್ಪುರದ ಕಿತ್ತಳೆಯ ಸಿಪ್ಪೆ ಸಡಿಲ, ಪೀಲರ್‌ಗೆ ಸಿಗಲ್ಲ. ಗಟ್ಟಿ ಸಿಪ್ಪೆಯ ಹಣ್ಣು ತಂದು, ಬಿಳಿ ಭಾಗ ಬಾರದಂತೆ ಹೆಬ್ಬೆರಳಗಲ ಕೀಳಿ. ಗ್ಲಾಸಿನ ಮೇಲೆ ಹಿಡಿದು ಹಿಂಡಿದರೆ ಸಣ್ಣ ಎಣ್ಣೆ ಚುಕ್ಕಿಗಳು ತೇಲುವುದು ಕಾಣುತ್ತದೆ. ಪರಿಮಳವೆಲ್ಲ ಅದರದ್ದೇ.

1919ರಲ್ಲಿ ಫ್ಲಾರೆನ್ಸ್‌ನ ಕೌಂಟ್ ನೆಗ್ರೋನಿ, ಕಂಪಾರಿ-ವರ್ಮುತ್-ಸೋಡಾ ಸೇರಿದ ಅಮೆರಿಕಾನೋ ಕಾಕ್‌ಟೇಲಿನಲ್ಲಿ ಸೋಡಾ ತೆಗೆಸಿ ಜಿನ್ ಹಾಕಿಸಿಕೊಂಡ ಅಂತ ಕಥೆ. ಹುಬ್ಬಳ್ಳಿಯಿಂದ ನೆಂಟರು ಬಂದರೆ ನಾನು ಉಲ್ಟಾ ಮಾಡುತ್ತೇನೆ: ಜಿನ್ ತೆಗೆದು ಸೋಡಾ. ಕುಡಿದ ಮೇಲೆ ಅವರ ಮೊದಲ ಪ್ರಶ್ನೆ ಇಲ್ಲಿನ ರೇಟು, ಎರಡನೆಯದು ಕರ್ನಾಟಕ ಗಡಿಯ ಅನಮೋಡ್ ಚೆಕ್‌ಪೋಸ್ಟ್. ಪರ್ಮಿಟ್ ಇಲ್ಲದೆ ಒಯ್ಯಬೇಡಿ, ಇಲ್ಲೇ ಕುಡಿದು ಹೋಗಿ ಅಂತೀನಿ.

ಬೇಸಿಗೆಯಲ್ಲಿ ಮಾತ್ರ ನಮ್ಮ ಮನೆಯಲ್ಲಿ ಜಿನ್‌ಗೆ ರಜೆ. ಗೇರುಹಣ್ಣಿನ ರಸದ ಮೊದಲ ಭಟ್ಟಿ ಉರಾಕ್ ಆಗ ಸಿಗುತ್ತದೆ. ಇಲ್ಲಿಯವರು ಅದಕ್ಕೆ ಲಿಮ್ಕಾ, ಉಪ್ಪು, ಸೀಳಿದ ಹಸಿಮೆಣಸಿನಕಾಯಿ ಹಾಕುತ್ತಾರೆ. ನಾನು 60 ಎಂ.ಎಲ್. ಉರಾಕ್‌ಗೆ 20 ಕಂಪಾರಿ, ಒಂದು ಹೋಳು ನಿಂಬೆ, ಮೇಲೆ ಸೋಡಾ. ವರ್ಮುತ್ ಬೇಡ, ಗೇರಿನ ವಾಸನೆಗೂ ಅದಕ್ಕೂ ಆಗಿಬರಲ್ಲ. ಮೆಣಸಿನಕಾಯಿ ಮಾತ್ರ ಬಿಟ್ಟಿಲ್ಲ.