ನಿಮ್ಮ ತಾಲ್ಲೂಕಿನಲ್ಲಿ ಎಷ್ಟು ಸಂಘ ಸಂಸ್ಥೆಗಳಿವೆ? ಒಂದು ನೋಟ್‌ಬುಕ್ ಹಿಡಿದು ಹೊರಡಿ

ಚಿಂತಾಮಣಿಯಲ್ಲಿ ನಮ್ಮ ಎದುರು ಮನೆಯ ಮಗುವಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ಮಾತು ಕಲಿಸುವವರನ್ನು ಹುಡುಕಿಕೊಂಡು ಅವಳ ಅಮ್ಮ ನಾಲ್ಕು ತಿಂಗಳು ಬೆಂಗಳೂರಿಗೆ ಬಸ್ಸಿನಲ್ಲಿ ಓಡಾಡಿದರು. ಕೂಲಿ ಹೋಯಿತು, ದುಡ್ಡೂ ಹೋಯಿತು. ಅಂಥ ಮಕ್ಕಳಿಗೇ ತರಬೇತಿ ಕೊಡುವ ಒಂದು ಸಣ್ಣ ಸಂಸ್ಥೆ ನಮ್ಮ ಮನೆಯಿಂದ ಮೂರು ಬೀದಿ ಆಚೆ ಇತ್ತು. ಅದು ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ನಾಲ್ಕು ತಿಂಗಳು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಆಮೇಲೆ ನಾವು ಮೂವರು ಸೇರಿ ತಾಲ್ಲೂಕಿನ ಸಂಘ ಸಂಸ್ಥೆಗಳ ಪಟ್ಟಿ ಮಾಡಲು ಕೂತೆವು. ಒಂದು ವಾರದ ಕೆಲಸ ಅಂದುಕೊಂಡಿದ್ದೆವು. ಒಂದು ವರ್ಷ ಹಿಡಿಯಿತು. ನೀವು ಕೋಲಾರ, ತುಮಕೂರು, ಚಿಕ್ಕಬಳ್ಳಾಪುರ ಯಾವ ಕಡೆಯವರಾದರೂ ಇದನ್ನು ಮಾಡಬಹುದು. ಬೇಕಾಗುವುದು ಒಂದು ನೋಟ್‌ಬುಕ್, ಒಂದು ಮೊಬೈಲು, ಭಾನುವಾರಗಳು ಮತ್ತು ಜೊತೆಗೆ ಬರುವ ಇಬ್ಬರು. ಅಷ್ಟೇ.

ಹೊರಡುವ ಮುಂಚೆ ಒಂದು ಲೆಕ್ಕ ತಿಳಿದಿರಲಿ. ಇಡೀ ದೇಶದ ಲಾಭರಹಿತ ಸಂಸ್ಥೆಗಳನ್ನು ಎಣಿಸಿ ಕೇಂದ್ರ ಅಂಕಿಅಂಶ ಕಚೇರಿ 2012ರಲ್ಲಿ ಒಂದು ವರದಿ ಕೊಟ್ಟಿತು. ನೋಂದಣಿ ಪುಸ್ತಕಗಳಲ್ಲಿ ಸುಮಾರು 31.7 ಲಕ್ಷ ಸಂಸ್ಥೆಗಳಿದ್ದವು. ಅವುಗಳಲ್ಲಿ ಸುಮಾರು 22 ಲಕ್ಷ ಸಂಸ್ಥೆಗಳನ್ನು ವಿಳಾಸ ಹಿಡಿದು ಹುಡುಕಿದಾಗ ಸಿಕ್ಕಿದ್ದು 7 ಲಕ್ಷದಷ್ಟು ಮಾತ್ರ. ಅಂದರೆ ಮೂರರಲ್ಲಿ ಎರಡು ಸಿಗಲಿಲ್ಲ. ‘ನಮ್ಮ ರಾಜ್ಯದಲ್ಲಿ ಇಷ್ಟು ಸಾವಿರ ಎನ್‌ಜಿಒಗಳಿವೆ’ ಎಂದು ಯಾರಾದರೂ ಹೇಳಿದರೆ, ಅದು ಪುಸ್ತಕದ ಲೆಕ್ಕವೋ ಬೀದಿಯ ಲೆಕ್ಕವೋ ಎಂದು ಮೊದಲು ಕೇಳಿ.

ಮೊದಲ ಹೆಜ್ಜೆ: ಯಾವುದನ್ನು ಎಣಿಸಬೇಕು?

ಇದನ್ನು ಮನೆಯಲ್ಲೇ ತೀರ್ಮಾನ ಮಾಡಿಕೊಳ್ಳಿ. ಇಲ್ಲದಿದ್ದರೆ ಅರ್ಧ ದಾರಿಯಲ್ಲಿ ಜಗಳವಾಗುತ್ತದೆ. ನಾವು ಇಟ್ಟುಕೊಂಡ ಅಳತೆ ಒಂದೇ: ಉಳಿದ ಹಣವನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ ಎನ್ನುವ ನಿಯಮ ಇದ್ದರೆ ಅದು ನಮ್ಮ ಪಟ್ಟಿಗೆ ಬರುತ್ತದೆ. ಹಾಲಿನ ಡೈರಿ ಊರಿಗೆ ಎಷ್ಟೇ ಉಪಕಾರ ಮಾಡಿದರೂ ಅದು ಸಹಕಾರ ಸಂಘ, ಹಾಲು ಹಾಕುವವರಿಗೆ ಬೋನಸ್ ಕೊಡುತ್ತದೆ. ಹಾಗಾಗಿ ಬೇಡ. ಸ್ತ್ರೀಶಕ್ತಿ ಗುಂಪುಗಳ ಉಳಿತಾಯವೂ ಸದಸ್ಯರದೇ. ಅವಕ್ಕೆ ನೋಟ್‌ಬುಕ್ಕಿನ ಹಿಂದೆ ಬೇರೆ ಪುಟ ಇಡಿ.

ಉಳಿದವು ಮೂರು ತರ. ಮೊದಲನೆಯದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಬರುವ ಸಂಘ. ಕನಿಷ್ಠ ಏಳು ಜನ ಬೇಕು, ಬೈಲಾ (ಸಂಘದ ನಿಯಮಗಳ ಪುಸ್ತಕ) ಬೇಕು, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಬೇಕು. ನಾವು ನೋಡಿದವುಗಳಲ್ಲಿ ಇವೇ ಜಾಸ್ತಿ. ಎರಡನೆಯದು ಟ್ರಸ್ಟ್. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಟ್ರಸ್ಟ್ ಪತ್ರ ನೋಂದಣಿಯಾಗುತ್ತದೆ. ಮನೆಯವರೇ ಇಬ್ಬರು ಮೂವರು ಸೇರಿ ಮಾಡಿದ ಟ್ರಸ್ಟ್‌ಗಳೂ ಇವೆ. ಮೂರನೆಯದು 2013ರ ಕಂಪನಿ ಕಾಯ್ದೆಯ 8ನೇ ಸೆಕ್ಷನ್ ಕಂಪನಿ. ಹೆಸರಿಗೆ ಕಂಪನಿ, ಆದರೆ ಲಾಭ ಹಂಚುವಂತಿಲ್ಲ. ತಾಲ್ಲೂಕು ಮಟ್ಟದಲ್ಲಿ ಇವು ಕಡಿಮೆ.

ಆದರೆ ಕಾಯ್ದೆ ಹೇಳುವ ಮೂರು ತರಕ್ಕೂ ಊರಲ್ಲಿ ಕಾಣುವ ಬಗೆಗಳಿಗೂ ಸಂಬಂಧವೇ ಇಲ್ಲ ಅನ್ನಬೇಕು. ಒಂದು ಕಡೆ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ಓದು ಕೊಡುವ ತುಮಕೂರಿನ ಸಿದ್ಧಗಂಗಾ ಮಠದ ದಾಸೋಹ. ಪಾವಗಡದಲ್ಲಿ ಕುಷ್ಠ ಮತ್ತು ಕ್ಷಯ ರೋಗಿಗಳ ಆರೈಕೆ ಮಾಡುತ್ತಾ ಬಂದ ರಾಮಕೃಷ್ಣ ಸೇವಾಶ್ರಮ. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಹುಣ್ಣಿಮೆ ರಾತ್ರಿ ಹಾಡು, ನಾಟಕ ಮಾಡುವ ಆದಿಮ. ಬಾಗೇಪಲ್ಲಿಯಲ್ಲಿ 1977ರಲ್ಲಿ ಶುರುವಾದ ಎಡಾಟ್ಸ್ ಸಂಸ್ಥೆ ಕೂಲಿಕಾರರನ್ನು ಸೇರಿಸಿ ಕೂಲಿ ಸಂಘ ಕಟ್ಟಿತು. ಆ ಸಂಘ ಮುಂದೆ ಸಾವಿರಾರು ಮನೆಗಳಿಗೆ ಗೋಬರ್ ಗ್ಯಾಸ್ ಹಾಕಿಸಿ, ಹೊಗೆ ತಗ್ಗಿಸಿದ ಲೆಕ್ಕಕ್ಕೆ ಹಣ ಬರುವ ಕಾರ್ಬನ್ ಯೋಜನೆಯನ್ನೇ ನಡೆಸಿತು. ಗೌರಿಬಿದನೂರು ಮತ್ತು ಬಾಗೇಪಲ್ಲಿಯ ನ್ಯಾಷನಲ್ ಕಾಲೇಜುಗಳ ಹಿಂದೆ ಇರುವುದೂ ಒಂದು ಶಿಕ್ಷಣ ಸಂಘವೇ. ಅದನ್ನು ಬೆಳೆಸಿದ ಎಚ್. ನರಸಿಂಹಯ್ಯನವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಇನ್ನೊಂದು ಕಡೆ ಒಂದು ಕೋಣೆ, ಎರಡು ಕೇರಂ ಬೋರ್ಡು ಇಟ್ಟುಕೊಂಡ ಯುವಕ ಸಂಘ. ನೋಟ್‌ಬುಕ್ಕಿನಲ್ಲಿ ಇವೆಲ್ಲಕ್ಕೂ ಒಂದೊಂದೇ ಸಾಲು. ಎಣಿಕೆ ಅಷ್ಟನ್ನೇ ಹೇಳುತ್ತದೆ. ಅದಕ್ಕೇ ಪ್ರತಿ ಸಾಲಿನ ಮುಂದೆ ‘ಏನು ಕೆಲಸ’ ಎಂಬ ಕಾಲಂ ಅಗಲವಾಗಿ ಬಿಡಿ.

ಎರಡನೇ ಹೆಜ್ಜೆ: ಕಾಗದದ ಪಟ್ಟಿ ತರಿಸಿಕೊಳ್ಳಿ

ನೀತಿ ಆಯೋಗದ ಎನ್‌ಜಿಒ ದರ್ಪಣ್ ಜಾಲತಾಣದಿಂದ ಶುರು ಮಾಡಿ. ಅಲ್ಲಿ ನೋಂದಾಯಿಸಿಕೊಂಡ ಕರ್ನಾಟಕದ ಸಂಸ್ಥೆಗಳಿಗೆ ‘ಕೆಎ’ ಎಂದು ಶುರುವಾಗುವ ನಂಬರು ಇರುತ್ತದೆ. ಎರಡು ಎಚ್ಚರ ಬೇಕು. ಅಲ್ಲಿರುವ ವಿವರ ಸಂಸ್ಥೆಯವರೇ ತುಂಬಿದ್ದು. ನಂಬರು ಇದೆ ಎಂದರೆ ಸರ್ಕಾರ ಸರ್ಟಿಫಿಕೇಟ್ ಕೊಟ್ಟಿದೆ ಅಂತಲ್ಲ. ಇನ್ನೊಂದು ಕಾಗುಣಿತದ ವಿಷಯ. 2014ರಲ್ಲಿ ಊರುಗಳ ಹೆಸರು ಬದಲಾದ ಮೇಲೆ ತುಮ್ಕೂರ್ ತುಮಕೂರು ಆಯಿತು. ಇಂಗ್ಲಿಷ್‌ನಲ್ಲಿ ಹುಡುಕುವಾಗ ಹಳೆಯದು, ಹೊಸದು ಎರಡನ್ನೂ ಹಾಕಿ ನೋಡಿ. ಚಿಕ್ಕಬಳ್ಳಾಪುರಕ್ಕಂತೂ ಮೂರು ನಾಲ್ಕು ತರ ಬರೆಯುತ್ತಾರೆ.

ನಿಜವಾದ ಪಟ್ಟಿ ಇರುವುದು ಜಿಲ್ಲಾ ಸಂಘಗಳ ನೋಂದಣಾಧಿಕಾರಿ ಕಚೇರಿಯಲ್ಲಿ. ಸಹಕಾರ ಇಲಾಖೆಯ ಉಪನಿಬಂಧಕರ ಕಚೇರಿ ಎಂದು ಕೇಳಿದರೆ ಜನ ದಾರಿ ತೋರಿಸುತ್ತಾರೆ. ಬಾಯಲ್ಲಿ ಕೇಳಬೇಡಿ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ನಮೂನೆ ‘ಎ’, ಹತ್ತು ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟುವಂತಿಲ್ಲ. ಸಣ್ಣದಾಗಿ ಹೀಗೆ ಬರೆಯಿರಿ: ‘ಚಿಂತಾಮಣಿ ತಾಲ್ಲೂಕಿನ ವಿಳಾಸದಲ್ಲಿ 1960ರ ಕಾಯ್ದೆಯಡಿ ನೋಂದಣಿಯಾಗಿರುವ ಸಂಘಗಳ ಹೆಸರು, ವಿಳಾಸ, ನೋಂದಣಿ ದಿನಾಂಕ ಮತ್ತು ಕೊನೆಯ ಬಾರಿ ವಾರ್ಷಿಕ ಲೆಕ್ಕಪತ್ರ ಸಲ್ಲಿಸಿದ ವರ್ಷ ಇರುವ ಪಟ್ಟಿ ಕೊಡಿ.’ ಕೊನೆಯ ಅಂಶವನ್ನು ಬಿಡಬೇಡಿ. ಯಾವ ಸಂಘ ಎದ್ದಿದೆ, ಯಾವುದು ಮಲಗಿದೆ ಎಂಬುದರ ಸುಳಿವು ಅದರಲ್ಲೇ ಇರುತ್ತದೆ. ಪ್ರತಿಗೆ ಪುಟಕ್ಕೆ ಎರಡು ರೂಪಾಯಿ. ಉತ್ತರಕ್ಕೆ 30 ದಿನ ಕಾಯಬೇಕು.

ಚಿಕ್ಕಬಳ್ಳಾಪುರದವರು ಇನ್ನೊಂದು ನೆನಪಿಡಿ. ನಮ್ಮದು 2007ರಲ್ಲಿ ಕೋಲಾರದಿಂದ ಬೇರೆಯಾದ ಜಿಲ್ಲೆ. ಅದಕ್ಕೂ ಹಿಂದಿನ ಸಂಘ ನೋಂದಣಿಯಾಗಿದ್ದು ಕೋಲಾರದಲ್ಲಿ. ಇಲ್ಲಿ ಸಿಗದಿದ್ದರೆ ಅಲ್ಲೊಂದು ಅರ್ಜಿ ಹಾಕಿ.

ಟ್ರಸ್ಟ್‌ಗಳದ್ದೇ ಕಷ್ಟ. ಮಹಾರಾಷ್ಟ್ರದಲ್ಲಿ ಧರ್ಮಾದಾಯ ಆಯುಕ್ತರು ಎಂಬ ಅಧಿಕಾರಿ ಇದ್ದಾರೆ, ಸಾರ್ವಜನಿಕ ಟ್ರಸ್ಟ್‌ಗಳೆಲ್ಲ ಅವರ ಪುಸ್ತಕದಲ್ಲಿರಬೇಕು. ನಮ್ಮ ಹಳೆ ಮೈಸೂರಿನ ಜಿಲ್ಲೆಗಳಲ್ಲಿ ಹಾಗೆ ಒಂದೇ ಕಡೆ ಸಿಗುವ ಪುಸ್ತಕ ಇಲ್ಲ. ಟ್ರಸ್ಟ್‌ಗಳನ್ನು ಕಾಲ್ನಡಿಗೆಯಲ್ಲೇ ಹುಡುಕಬೇಕು. ಇದು ದೊಡ್ಡ ಕೊರತೆ, ಸರ್ಕಾರ ಸರಿ ಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ವಿದೇಶದಿಂದ ಹಣ ಪಡೆಯುವ ಸಂಸ್ಥೆಗಳ ಪಟ್ಟಿ ಮಾತ್ರ ಕೇಂದ್ರ ಗೃಹ ಇಲಾಖೆಯ ಎಫ್‌ಸಿಆರ್‌ಎ ಜಾಲತಾಣದಲ್ಲಿ ಸಿಗುತ್ತದೆ.

ಮೂರನೇ ಹೆಜ್ಜೆ: ನಡೆಯಿರಿ

ಅಸಲಿ ಕೆಲಸ ಇದು. ಪಟ್ಟಿಯನ್ನು ಊರುವಾರು, ಬೀದಿವಾರು ಹರಿದು ಹಂಚಿಕೊಳ್ಳಿ. ನಾವು ಮೊದಲು ಹೋಗಿದ್ದು ಪೋಸ್ಟ್‌ಮ್ಯಾನ್ ಹತ್ತಿರ. ಬೋರ್ಡು ಬಿದ್ದುಹೋದ ಸಂಘಕ್ಕೂ ಯಾವಾಗಲೋ ಒಂದು ನೋಟಿಸು ಬಂದಿರುತ್ತದೆ, ಅದನ್ನು ಯಾರ ಮನೆಗೆ ಕೊಟ್ಟೆ ಎಂಬುದು ಅವರಿಗೆ ನೆನಪಿರುತ್ತದೆ. ಅಂಗನವಾಡಿ ಟೀಚರು, ಆಶಾ ಕಾರ್ಯಕರ್ತೆಯರು ಇನ್ನೂ ಒಳಗಿನದನ್ನು ಹೇಳುತ್ತಾರೆ.

ಸಂಘದ ಹೆಸರು ಹಿಡಿದು ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. ನಾವು ಹದಿನೈದು ದಿನ ಹಾಗೇ ಅಲೆದೆವು. ಉದ್ದನೆಯ ಹೆಸರು ಹೇಳಿದರೆ ಟೀ ಅಂಗಡಿಯವರು ತಲೆ ಅಲ್ಲಾಡಿಸುತ್ತಿದ್ದರು. ‘ಅಣ್ಣಾ, ಇಲ್ಲಿ ಹೆಣ್ಮಕ್ಕಳಿಗೆ ಟೈಲರಿಂಗ್ ಹೇಳ್ಕೊಡೋರು ಯಾರಾದ್ರೂ ಇದ್ದಾರಾ?’ ಎಂದು ಕೇಳಿದ ದಿನ, ಅವರು ಅಂಗಡಿ ಬಿಟ್ಟು ಬಂದು ಮನೆ ತೋರಿಸಿದರು. ಹೆಸರು ಬಿಟ್ಟು ಕೆಲಸ ಹೇಳಿ ಕೇಳಿ. ಬಾಗೇಪಲ್ಲಿ, ಶ್ರೀನಿವಾಸಪುರದ ಕಡೆ ತೆಲುಗಿನಲ್ಲಿ, ಕೆಜಿಎಫ್‌ನಲ್ಲಿ ತಮಿಳಿನಲ್ಲಿ ಮಾತಾಡುವವರೊಬ್ಬರು ಜೊತೆಗಿದ್ದರೆ ಕೆಲಸ ಬೇಗ ಆಗುತ್ತದೆ.

ಪ್ರತಿ ಸಾಲಿಗೂ ಮೂರರಲ್ಲಿ ಒಂದು ಗುರುತು ಹಾಕಿ: ನಡೆಯುತ್ತಿದೆ, ಮಲಗಿದೆ, ಸಿಗಲಿಲ್ಲ. ಮುಂದೆ ಆ ದಿನದ ತಾರೀಕು ಬರೆಯಿರಿ. ‘ಮಲಗಿದೆ’ ಎಂದರೆ ಮೋಸ ಎಂದುಕೊಳ್ಳಬೇಡಿ. ಎಷ್ಟೋ ಯುವಕ ಸಂಘಗಳು ಗಣೇಶನ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ ಎದ್ದು ಮತ್ತೆ ಮಲಗುತ್ತವೆ. ಕಾರ್ಯದರ್ಶಿಯಾಗಿದ್ದವರು ತೀರಿಕೊಂಡು, ಅವರ ಬೀರುವಿನಲ್ಲಿ ನಡಾವಳಿ ಪುಸ್ತಕ ಹಾಗೇ ಉಳಿದ ಸಂಘವನ್ನೂ ನೋಡಿದೆವು. ಅವರ ಹೆಂಡತಿ ಆ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು.

ಕೆರೆ ಬಳಕೆದಾರರ ಸಂಘಗಳನ್ನು ಮಾತ್ರ ಬಿಡದೆ ಹುಡುಕಿ. ವಿಶ್ವಬ್ಯಾಂಕ್ ನೆರವಿನಲ್ಲಿ 2002ರಿಂದ ನಡೆದ ಸಮುದಾಯ ಆಧಾರಿತ ಕೆರೆ ಯೋಜನೆಯಲ್ಲಿ ಇವನ್ನು ಕಟ್ಟಿ 1960ರ ಕಾಯ್ದೆಯಡಿ ನೋಂದಣಿ ಮಾಡಿಸಿದ್ದರು. ಯೋಜನೆ ಮುಗಿಯಿತು, ಸಂಘ ಪುಸ್ತಕದಲ್ಲಿ ಉಳಿಯಿತು. ನಿಮ್ಮ ಊರಿನದು ಈಗ ಸಭೆ ಸೇರುತ್ತದಾ, ಬ್ಯಾಂಕಿನಲ್ಲಿ ಹಣ ಇದೆಯಾ ಎಂದು ಹಿರಿಯರನ್ನು ಕೇಳಿ. ಕೆರೆ ನಂಬಿ ಬದುಕುವ ನಮ್ಮ ಜಿಲ್ಲೆಗಳಲ್ಲಿ ಇದು ಸುಮ್ನೆ ಬಿಡುವ ಪ್ರಶ್ನೆ ಅಲ್ಲ, ಅಲ್ವಾ?

ನಾಲ್ಕನೇ ಹೆಜ್ಜೆ: ಪಟ್ಟಿಯಲ್ಲಿ ಇಲ್ಲದವರು

ಸರ್ಕಾರಿ ಆಸ್ಪತ್ರೆ ಮುಂದೆ ರೋಗಿಗಳ ಜೊತೆಯವರಿಗೆ ಮಧ್ಯಾಹ್ನ ಅನ್ನ ಸಾರು ಹಾಕುವವರು, ಅನಾಥ ಶವಕ್ಕೆ ಮಣ್ಣು ಕೊಡುವವರು, ರಕ್ತ ಬೇಕೆಂದರೆ ರಾತ್ರಿ ಬೈಕ್ ಹತ್ತಿ ಬರುವ ವಾಟ್ಸ್‌ಆ್ಯಪ್ ಗುಂಪಿನ ಹುಡುಗರು. ಇವರಿಗೆ ನೋಂದಣಿ ಇಲ್ಲ, ಬೈಲಾ ಇಲ್ಲ. ಯಾವ ಸರ್ಕಾರಿ ಎಣಿಕೆಯಲ್ಲೂ ಇವರು ಬರುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಬರಲಿ.

ಐದನೇ ಹೆಜ್ಜೆ: ಕೂತು ಮಾತಾಡಿ

ನಡೆಯುತ್ತಿರುವ ಸಂಸ್ಥೆಗೆ ಹೋದಾಗ ಮೊದಲು ಕೆಲಸದ ಬಗ್ಗೆ ಕೇಳಿ, ಕಾಗದ ಆಮೇಲೆ. ಯಾರಿಗೆ, ಯಾವ ದಿನ, ಎಷ್ಟು ಹೊತ್ತಿಗೆ ಸಹಾಯ ಸಿಗುತ್ತದೆ? ಶುಲ್ಕ ಇದೆಯಾ? ಬರುವವರು ಏನು ತರಬೇಕು? ನಂತರ ಕಳೆದ ವರ್ಷದ ಆಡಿಟ್ ವರದಿ ನೋಡಬಹುದಾ ಎಂದು ವಿನಯದಿಂದ ಕೇಳಿ. ಒಳ್ಳೆ ಸಂಸ್ಥೆಯವರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ನಮಗೆ ಹೆಚ್ಚಿನವರು ಖುಷಿಯಿಂದಲೇ ತೋರಿಸಿದರು.

ದಾನ ಕೊಡುವ ಯೋಚನೆ ಇದ್ದರೆ ಆದಾಯ ತೆರಿಗೆಯವರು ಕೊಟ್ಟ 12ಎ (ಸಂಸ್ಥೆಯ ಆದಾಯಕ್ಕೆ ವಿನಾಯಿತಿ) ಮತ್ತು 80ಜಿ (ದಾನ ಕೊಟ್ಟವರಿಗೆ ವಿನಾಯಿತಿ) ನೋಂದಣಿಯ ಅವಧಿ ಇನ್ನೂ ಇದೆಯಾ ನೋಡಿ. ತೆರಿಗೆ ವಿನಾಯಿತಿ ಬೇಕೆಂದರೆ 2,000 ರೂಪಾಯಿ ಮೇಲಿನ ಹಣ ನಗದಿನಲ್ಲಿ ಕೊಡಬೇಡಿ. ಆದರೆ 80ಜಿ ಇಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಅನುಮಾನಿಸಬೇಡಿ. ಆಡಿಟರ್ ಫೀಸು ಕಟ್ಟಲಾಗದೆ ಅದರ ಗೋಜಿಗೇ ಹೋಗದ ಪ್ರಾಮಾಣಿಕರನ್ನು ನಾನು ನೋಡಿದ್ದೇನೆ.

ಆರನೇ ಹೆಜ್ಜೆ: ಪಟ್ಟಿಯನ್ನು ತಿರುಗಿಸಿ ಬರೆಯಿರಿ

ಈಗ ನಿಮ್ಮ ನೋಟ್‌ಬುಕ್ಕಿನಲ್ಲಿ ಹೆಸರುಗಳಿವೆ. ಕಷ್ಟದಲ್ಲಿರುವವರು ಹೆಸರು ಹುಡುಕುವುದಿಲ್ಲ, ತಮ್ಮ ಕಷ್ಟಕ್ಕೆ ದಾರಿ ಹುಡುಕುತ್ತಾರೆ. ಹಾಗಾಗಿ ಕಿವಿ, ಕಣ್ಣು, ಹಾಸ್ಟೆಲ್, ಊಟ, ರಕ್ತ, ಕುಡಿತ ಬಿಡಿಸುವುದು, ವಯಸ್ಸಾದವರು, ಕೆಲಸ ಕಲಿಸುವುದು ಎಂದು ತಲೆಬರಹ ಹಾಕಿ ಹೊಸದಾಗಿ ಬರೆಯಿರಿ. ಒಂದೇ ಸಂಸ್ಥೆ ಮೂರು ಕಡೆ ಬಂದರೂ ಬರಲಿ. ಹೀಗೆ ಬರೆದಾಗಲೇ ನಮಗೆ ತಾಲ್ಲೂಕಿನ ಚಿತ್ರ ಕಂಡಿದ್ದು. ಶಾಲೆ ನಡೆಸುವ ಸಂಸ್ಥೆಗಳ ಪುಟ ಸಾಲದೆ ಇನ್ನೊಂದು ಹಾಳೆ ಅಂಟಿಸಬೇಕಾಯಿತು. ಬುದ್ಧಿಮಾಂದ್ಯ ಮಕ್ಕಳು ದೊಡ್ಡವರಾದ ಮೇಲೆ ನೋಡಿಕೊಳ್ಳುವವರು ಎಂಬ ತಲೆಬರಹದ ಕೆಳಗೆ ಒಂದು ಸಾಲೂ ಬರಲಿಲ್ಲ. ಆ ಪುಟವನ್ನು ಹಾಗೇ ಖಾಲಿ ಬಿಟ್ಟಿದ್ದೇವೆ. ಪಟ್ಟಿ ನೋಡಲು ಬಂದವರಿಗೆಲ್ಲ ಆ ಪುಟವನ್ನೂ ತೋರಿಸುತ್ತೇವೆ.

ಪ್ರತಿಗಳನ್ನು ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ, ತಾಲ್ಲೂಕು ಆಸ್ಪತ್ರೆಗೆ, ಸರ್ಕಾರಿ ಶಾಲೆಯ ಹೆಡ್‌ಮಾಸ್ಟರಿಗೆ ಕೊಡಿ. ಪಂಚಾಯಿತಿಯಲ್ಲಿ ಅಂಗವಿಕಲರಿಗಾಗಿ ಕೆಲಸ ಮಾಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು (ವಿಆರ್‌ಡಬ್ಲ್ಯೂ) ಇರುತ್ತಾರೆ, ಅವರಿಗೆ ತಪ್ಪದೆ ಕೊಡಿ. ನಮ್ಮ ಎದುರು ಮನೆಯವರು ಮೊದಲ ದಿನವೇ ಅವರನ್ನು ಕಂಡಿದ್ದರೆ ಅಷ್ಟು ಅಲೆಯಬೇಕಿರಲಿಲ್ಲ. ಫೋನ್ ನಂಬರು ಹಾಕುವ ಮುಂಚೆ ಸಂಬಂಧಪಟ್ಟವರನ್ನು ಕೇಳಿ. ಹೊಡೆತ ತಿಂದು ಮನೆ ಬಿಟ್ಟು ಬಂದ ಹೆಣ್ಣುಮಕ್ಕಳಿಗೆ ಆಶ್ರಯ ಕೊಡುವ ಜಾಗದ ವಿಳಾಸವನ್ನು ಮಾತ್ರ ಯಾವ ಪ್ರತಿಯಲ್ಲೂ ಬರೆಯಬೇಡಿ. ಅದರ ಮುಂದೆ ಮಹಿಳಾ ಸಹಾಯವಾಣಿ 181 ಎಂದಷ್ಟೇ ಇರಲಿ.