ಸುತ್ತು ಹಾಕಿದ ಅಕ್ಷರ: ಎಲ್ಲಿ ಟೈಪು, ಎಲ್ಲಿ ಸಿಎಸ್ಎಸ್

ಕಲಬುರಗಿಯ ಗಂಜಿನಲ್ಲಿ ತೊಗರಿ ಬೇಳೆ ವ್ಯಾಪಾರ ಮಾಡುವವರೊಬ್ಬರಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದೆ. ಊರಿನ ಹೆಸರು ಇಂಗ್ಲಿಷಿನಲ್ಲಿ, ಒಂದೊಂದು ಅಕ್ಷರವೂ ಕಪ್ಪು ಚೌಕದೊಳಗೆ ಬೇಕೆಂದರು. ಯಾವುದೋ ಫ್ಯಾನ್ಸಿ ಅಕ್ಷರದ ಆ್ಯಪಿನಿಂದ ಅವರೇ ಕಾಪಿ ಮಾಡಿ ವಾಟ್ಸಾಪಿಗೆ ಕಳಿಸಿದ್ದರು. ಫೋನಿನಲ್ಲಿ ನೋಡಿದರೆ ಮೂರು ಎ, ಒಂದು ಬಿ ಕೆಂಪು. ಉಳಿದ ಆರು ಕಪ್ಪು.

"ಇವಿಷ್ಟೇ ಯಾಕ್ ಕೆಂಪ್ ಆಗ್ಯಾವ್ರಿ ಸರ?"

ಯೂನಿಕೋಡಿನಲ್ಲಿ, ಅಂದರೆ ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಜಾಗತಿಕ ಪಟ್ಟಿಯಲ್ಲಿ, ಈ ಕಪ್ಪು ಚೌಕದ ಅಕ್ಷರಗಳು 26 ಇವೆ. ಅದರಲ್ಲಿ ಎ, ಬಿ, ಒ, ಪಿ ಮಾತ್ರ ಇಮೋಜಿಯೂ ಹೌದು. ಮೊದಲ ಮೂರು ರಕ್ತದ ಗುಂಪಿಗೆ, ಪಿ ಪಾರ್ಕಿಂಗಿಗೆ. ಜಪಾನಿನ ಮೊಬೈಲುಗಳಿಂದ ಬಂದ ಬಳುವಳಿ ಇದು. ಹಾಗಾಗಿ ಫೋನು ಈ ನಾಲ್ಕಕ್ಕೆ ಮಾತ್ರ ಬಣ್ಣ ಬಳಿಯುತ್ತದೆ. ಅಕ್ಷರದ ಬೆನ್ನಿಗೇ 65038 ಸಂಖ್ಯೆಯ, ಕಣ್ಣಿಗೆ ಕಾಣದ ಚಿಹ್ನೆ ಸೇರಿಸಿದರೆ ಬಣ್ಣ ಹೋಗಬೇಕು. ಆದರೆ ಕೆಲವು ಆ್ಯಪುಗಳು ಅದಕ್ಕೆ ಕ್ಯಾರೇ ಅನ್ನುವುದಿಲ್ಲ.

ನಾನು ಆ ಗೋಜಿಗೇ ಹೋಗಲಿಲ್ಲ. ಸಾದಾ ಅಕ್ಷರ ಬರೆದು, ವೆಬ್ ಪುಟದ ಬಣ್ಣ, ಆಕಾರ ತೀರ್ಮಾನಿಸುವ ಭಾಷೆಯಾದ ಸಿಎಸ್ಎಸ್‌ನಲ್ಲಿ ಒಂದೊಂದಕ್ಕೂ ಕಪ್ಪು ಹಿನ್ನೆಲೆ ಕೊಟ್ಟೆ. ನೋಟ ಅದೇ. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್‌ಗಳ ವಿಷಯವೂ ಇತ್ತು. ಚೌಕದ ಅಕ್ಷರ ಸಿಕ್ಕರೆ ಕೆಲವು ಬಿಡಿಬಿಡಿಯಾಗಿ ಉದ್ದದ ಹೆಸರು ಹೇಳುತ್ತವೆ, ಕೆಲವು ಸುಮ್ನೆ ಹಾರಿಸಿಬಿಡುತ್ತವೆ. ಊರಿನ ಹೆಸರೇ ಕೇಳಿಸದಿದ್ದರೆ ಹೇಗೆ, ಅಲ್ವಾ?

ಆಮೇಲೆ ಬ್ರ್ಯಾಂಡ್ ಹೆಸರಿನ ಪಕ್ಕ ಗುಂಡಗಿನ ಆರ್ ಬೇಕೆಂದರು. ಇಲ್ಲಿ ಎರಡು ಬೇರೆ ಬೇರೆ ಅಕ್ಷರಗಳಿವೆ. ಯೂನಿಕೋಡ್ ಸಂಖ್ಯೆ 174 ನೋಂದಾಯಿತ ಟ್ರೇಡ್‌ಮಾರ್ಕಿನ ಗುರುತು. 9415 ಬರೀ ವೃತ್ತದೊಳಗಿನ ಆರ್. ಅವರ ಹೆಸರು ಇನ್ನೂ ನೋಂದಣಿ ಆಗಿರಲಿಲ್ಲ. ಆಗದೆ ಆಗಿದೆ ಅಂತ ತೋರಿಸುವುದು 1999ರ ಟ್ರೇಡ್‌ಮಾರ್ಕ್ ಕಾಯ್ದೆಯ ಪ್ರಕಾರ ಅಪರಾಧ. ಎರಡನೆಯದನ್ನು ಹಾಕಿ ನುಣುಚಿಕೊಳ್ಳೋಣ ಅನ್ನುವುದೂ ನನಗೆ ಒಪ್ಪಿಗೆಯಿಲ್ಲ, ನೋಡುವವರಿಗೆ ಎರಡೂ ಒಂದೇ. ಬೇಡ ಎಂದೆ. ಸ್ವಲ್ಪ ಮುಖ ಸಣ್ಣದು ಮಾಡಿಕೊಂಡರು, ಒಪ್ಪಿದರು.

ಕನ್ನಡ ಅಕ್ಷರಕ್ಕೆ ಸುತ್ತು ಬೇಕೆಂದರೆ ಪಾಡು ಬೇರೆ. ಯೂನಿಕೋಡಿನಲ್ಲಿ ವೃತ್ತದೊಳಗಿನ ಅ, ಆ, ಇ ಇಲ್ಲವೇ ಇಲ್ಲ. ಯಾವ ಅಕ್ಷರಕ್ಕಾದರೂ ಸುತ್ತು ಹಾಕುವ 8413 ಎಂಬ ಜೋಡಣೆ ಚಿಹ್ನೆ ಇದೆ. ಆದರೆ ಕನ್ನಡ ಫಾಂಟುಗಳಲ್ಲಿ ಅದನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಸುತ್ತು ಪಕ್ಕಕ್ಕೆ ಜಾರುತ್ತದೆ, ಇಲ್ಲವೇ ಅಕ್ಷರದ ಮೇಲೇ ಗೆರೆ ಹಾಯುತ್ತದೆ. ಇಲ್ಲೂ ಸಿಎಸ್ಎಸ್ಸೇ ಗತಿ: ಅಗಲ ಎತ್ತರ ಸಮ, ಬಾರ್ಡರ್ ರೇಡಿಯಸ್ (ಮೂಲೆಗಳ ದುಂಡುತನ) 50%. ಒತ್ತಕ್ಷರ ಬಂದರೆ ಮಾತ್ರ ಎಚ್ಚರ. "ತ್ತ" ಹಾಕಿ ನೋಡಿ, ಒತ್ತು ಕೆಳಗಿನ ಗೆರೆಗೆ ತಾಗುತ್ತದೆ. ನಾನು ವೃತ್ತವನ್ನು ಸ್ವಲ್ಪ ದೊಡ್ಡದು ಮಾಡಿ, ಕೆಳಗೆ ಪ್ಯಾಡಿಂಗ್ (ಗೆರೆಗೂ ಅಕ್ಷರಕ್ಕೂ ನಡುವಿನ ಜಾಗ) ಜಾಸ್ತಿ ಕೊಟ್ಟು ಅಕ್ಷರವನ್ನು ಒಂದು ಕೂದಲೆಳೆ ಮೇಲೆತ್ತುತ್ತೇನೆ.

ಹಾಗಂತ ಈ ಚಿಹ್ನೆಗಳನ್ನು ದೂರ ಇಟ್ಟಿಲ್ಲ. ಊರು ನೋಡಲು ಬರುವವರಿಗೆ ವಾಟ್ಸಾಪಿನಲ್ಲಿ ನಕ್ಷೆ ಕಳಿಸುವಾಗ ಅಂಕಿಗಳನ್ನು ನೇರವಾಗಿ ಟೈಪ್ ಮಾಡುತ್ತೇನೆ: ① ಕೋಟೆ, ② ಶರಣಬಸವೇಶ್ವರ ಗುಡಿ, ③ ಬಂದೇನವಾಜ್ ದರ್ಗಾ, ④ ಬುದ್ಧ ವಿಹಾರ. ಅಲ್ಲಿ ಸಿಎಸ್ಎಸ್ ನಡೆಯುವುದಿಲ್ಲವಲ್ಲ. ಇವು 50ರವರೆಗೆ ಸಿಗುತ್ತವೆ, ಆದರೆ 20 ದಾಟಿದ ಮೇಲಿನವು ಚೀನೀ, ಜಪಾನೀ ಅಕ್ಷರಗಳ ವಿಭಾಗದಲ್ಲಿವೆ. ಫಾಂಟು ಬದಲಾಗಿ ಗಾತ್ರ ಏರುಪೇರಾಗಬಹುದು. ಪಟ್ಟಿ ಉದ್ದ ಇದ್ದರೆ ನಾನು ಸಾದಾ ಅಂಕಿಗೇ ಇಳಿಯುತ್ತೇನೆ.