ಮುಂಬಯಿ ಟೌನ್ ಹಾಲ್: ಮೊದಲು ದುಡ್ಡು ಯಾರದು ಅಂತ ಹುಡುಕಿದೆ

ಮುಂಬಯಿಯ ಫೋರ್ಟ್‌ನಲ್ಲಿ ಹಾರ್ನಿಮನ್ ಸರ್ಕಲ್ ಎದುರಿಗೆ ಬಿಳಿ ಕಂಬಗಳ ದೊಡ್ಡ ಕಟ್ಟಡ ಇದೆಯಲ್ಲ, ಈಗ ಏಷ್ಯಾಟಿಕ್ ಸೊಸೈಟಿ ಅನ್ನುವ ಹಳೆಯ ವಿದ್ವತ್ ಸಂಘದ ಲೈಬ್ರರಿ ಇರೋದು, ಅದೇ ಹಳೆಯ ಟೌನ್ ಹಾಲ್. ನಮ್ಮ ಕನ್ನಡ ಬಳಗದವರಿಗೆ ಅದನ್ನು ತೋರಿಸಿ ಕಥೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನೆಟ್ಟಿನಲ್ಲಿ ಎಲ್ಲ ಕಡೆ ಅದೇ ಮಾತು: 30 ಮೆಟ್ಟಿಲು, ಗ್ರೀಕ್ ಶೈಲಿ, ಕರ್ನಲ್ ಥಾಮಸ್ ಕೌಪರ್ ನಕ್ಷೆ, 1833ರಲ್ಲಿ ಮುಗಿಯಿತು. ಇಷ್ಟೇ ಹೇಳಿದರೆ ಜನ ಫೋಟೋ ತೆಗೆದುಕೊಂಡು ಚಹಾಕ್ಕೆ ಹೊರಡ್ತಾರೆ.

ಹಾಗಾಗಿ ಯಾರು ಕಟ್ಟಿದರು ಅನ್ನೋದನ್ನು ಬದಿಗಿಟ್ಟು, ದುಡ್ಡು ಯಾರದು ಅಂತ ಹುಡುಕಿದೆ. 1909-10ರ ಬಾಂಬೆ ಸಿಟಿ ಗೆಜೆಟಿಯರ್ (ಊರಿನ ಇತಿಹಾಸ, ವಿವರಗಳ ಸರ್ಕಾರಿ ಗ್ರಂಥ) ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ, ಅಲ್ಲಿಂದಲೇ ಶುರುಮಾಡಿ. ಮೊದಲ ಹಣ ಬಂದದ್ದು ಲಾಟರಿಯಿಂದ! 1821ರಲ್ಲಿ ಕೆಲಸ ಶುರುವಾಯಿತು, ಹಣ ಸಾಲಲಿಲ್ಲ, ಕೆಲಸ ಕುಂಟಿತು, ಕೊನೆಗೆ ಈಸ್ಟ್ ಇಂಡಿಯಾ ಕಂಪನಿ ಉಳಿದ ಖರ್ಚು ಹೊತ್ತು ಬದಲಿಗೆ ತನ್ನ ಕಚೇರಿಗಳಿಗೆ ಜಾಗ ಪಡೆಯಿತು. ಊರಿನ ಹಾಲ್‌ನಲ್ಲಿ ಸರ್ಕಾರ ಬಂದು ಕೂತದ್ದು ಹೀಗೆ. ಕಂಬಗಳು ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದವು, ಲೆಕ್ಕಕ್ಕಿಂತ ದಪ್ಪ ಆಗಿದ್ದರಿಂದ ಕೆಲವು ಉಳಿದು ಬೈಕಲಾದ ಕ್ರೈಸ್ಟ್ ಚರ್ಚಿಗೆ ಹೋದವು ಅಂತ ಹಳೆಯ ಬರಹಗಳು ಹೇಳುತ್ತವೆ. ಬೈಕಲಾಕ್ಕೂ ಕರೆದೊಯ್ಯುವ ಆಸೆ ಇತ್ತು, ಆ ಟ್ರಾಫಿಕ್ ನೆನೆಸಿಕೊಂಡು ಬಿಟ್ಟೆ.

ಒಳಗೆ ಜನ ಓದುತ್ತಾ ಕೂತಿರುತ್ತಾರೆ, ಅಲ್ಲಿ ಭಾಷಣ ಮಾಡೋಕಾಗಲ್ಲ. ಮಾತೆಲ್ಲ ಮೆಟ್ಟಿಲ ಮೇಲೇ ಮುಗಿಸಿದೆ. 1858ರ ನವೆಂಬರ್ 1ರಂದು ಕಂಪನಿ ಆಳ್ವಿಕೆ ಮುಗಿಯಿತು ಅನ್ನುವ ವಿಕ್ಟೋರಿಯಾ ರಾಣಿಯ ಘೋಷಣೆಯನ್ನು ಓದಿದ್ದೂ ಇಲ್ಲೇ. ಆಮೇಲೆ ಒಳಗೆ ಹೋಗಿ ಪ್ರತಿಮೆಗಳನ್ನು ನೋಡಿದೆವು. ಎಲ್ಫಿನ್‌ಸ್ಟನ್, ಮಾಲ್ಕಂ ಮುಂತಾದ ಬ್ರಿಟಿಷ್ ಗವರ್ನರುಗಳ ನಡುವೆ ಮುಂಬಯಿಯ ವ್ಯಾಪಾರಿ, ದಾನಿ ಜಗನ್ನಾಥ ಶಂಕರಶೇಟ್ ಕೂಡ ಇದ್ದಾರೆ.

ಎಲ್ಲಕ್ಕಿಂತ ಜಾಸ್ತಿ ಚರ್ಚೆ ಎಬ್ಬಿಸಿದ್ದು ಬೇರೆಯೇ ಸಂಗತಿ. ಇಲ್ಲಿನ ಸೊಸೈಟಿಗೆ ಮೊದಲ ಭಾರತೀಯ ಸದಸ್ಯ, ಪಾರ್ಸಿ ಸಮಾಜದ ಮಾಣೆಕ್‌ಜಿ ಕರ್ಸೆಟ್‌ಜಿ, ಸೇರಿದ್ದು 1840ರಲ್ಲಿ. ಅಂದರೆ ಕಟ್ಟಡ ಎದ್ದು ಏಳು ವರ್ಷ ಆದ ಮೇಲೆ! ಫೋರ್ಟ್‌ನ ಹೋಟೆಲಿನಲ್ಲಿ ದುಡಿದು ನಿವೃತ್ತರಾದ ಉಡುಪಿ ಕಡೆಯ ಹಿರಿಯರೊಬ್ಬರು ಕೇಳಿದರು, "ಹಾಗಾದ್ರೆ ಆ ಲಾಟರಿ ಟಿಕೆಟ್ ತಕೊಂಡವರಲ್ಲಿ ನಮ್ಮ ದೇಶದವರೂ ಇದ್ದಿರಬೇಕಲ್ಲ ಮಾರಾಯ್ರೇ?"

ಒಳ್ಳೆ ಪ್ರಶ್ನೆ ಅಲ್ವಾ! ಅದಕ್ಕೇ ಈಗ ಬಾಂಬೆ ಕೊರಿಯರ್ ಪತ್ರಿಕೆಯ ಹಳೆ ಸಂಚಿಕೆಗಳಲ್ಲಿ ಲಾಟರಿಯ ಜಾಹೀರಾತು, ಗೆದ್ದವರ ಹೆಸರು ಏನಾದರೂ ಸಿಗುತ್ತದಾ ಅಂತ ನೋಡುತ್ತಿದ್ದೇನೆ.